ಕಾರಿಗೆ ಸಿಕ್ಕ ಮೌನ ಗಿರಣಿಗೆ ಯಾಕಿಲ್ಲ?

ನಮ್ಮ ಸೋದರಮಾವನ ಮನೆಯ ಟಿವಿ ಸದ್ದು ಓಣಿಯ ತುದಿಗೂ ಕೇಳಿಸುತ್ತದೆ. ಹಾವೇರಿ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಮೂವತ್ತು ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿರುವ ಮನುಷ್ಯ ಅವರು. ಕಳೆದ ಸಲ ಹೋದಾಗ ಅವರ ಮೊಮ್ಮಗಳು ಹತ್ತಿರ ಬಂದು ಏನೋ ಕೇಳಿದಳು. ಮಾವ ನಕ್ಕು ಸುಮ್ಮನಾದರು. ಅವಳು ಇನ್ನೊಮ್ಮೆ ಕೇಳಿದಳು. ಮತ್ತೆ ನಕ್ಕರು. ಅವಳು ಎದ್ದು ಹೊರಗೆ ಆಡಲು ಹೋದಳು.

"ಕೇಳಿಸಲಿಲ್ಲೇನು ಮಾಮಾ?" ಅಂದೆ, ಜೋರಾಗಿ.

"ಕೇಳಸ್ತೈತಿ ತಮ್ಮಾ. ಏನಂತಾಳ ಅಂತ ತಿಳಿಯಂಗಿಲ್ಲ" ಅಂದರು.

ವರ್ಷಗಟ್ಟಲೆ ಸದ್ದಿನ ನಡುವೆ ದುಡಿದವರ ಕಿವಿ ಹೋಗುವುದೇ ಹೀಗೆ. ಮೊದಲು ಹೋಗುವುದು ಕೀರಲು ಸ್ವರಗಳು. ಮಕ್ಕಳ ದನಿ, ಮಾತಿನಲ್ಲಿರುವ ಸ, ಶ, ತ, ಕ ಅಕ್ಷರಗಳ ಮೊನೆ ಮೊದಲು ಮಂಕಾಗುತ್ತವೆ. ಗುಡುಗು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಒಳಗಿವಿಯಲ್ಲಿ ಕೂದಲಿನಂಥ ಸೂಕ್ಷ್ಮ ಎಳೆಗಳಿರುವ ಕೋಶಗಳಿವೆ. ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಎಣ್ಣೆ ಬಿಟ್ಟರೂ ಇಲ್ಲ, ಮಾತ್ರೆ ನುಂಗಿದರೂ ಇಲ್ಲ.

ಆದರೆ ನಾನು ಇವತ್ತು ಬರೆಯಲು ಕೂತಿದ್ದು ಕಿವಿಯ ಬಗ್ಗೆ ಅಲ್ಲ, ತಗಡಿನ ಬಗ್ಗೆ. ಮಾವನ ಕಿವಿ ತಿಂದ ಸದ್ದಿನಲ್ಲಿ ಒಂದಷ್ಟು ಪಾಲು ತಗಡಿನದು. ಆ ತಗಡಿನ ಬಾಯಿ ಮುಚ್ಚಿಸುವ ಉಪಾಯ ಜಗತ್ತಿಗೆ ಗೊತ್ತಾಗಿ ಅರವತ್ತು ವರ್ಷದ ಮೇಲಾಯಿತು. ಅದು ಕಾರಿಗೆ ಬಂತು, ಕಂಪ್ಯೂಟರಿಗೆ ಬಂತು. ನಮ್ಮ ಗಿರಣಿಗೆ, ರಾಶಿ ಮಷಿನ್ನಿಗೆ ಬರಲಿಲ್ಲ.

ಗಿರಣಿಯಲ್ಲಿ ನಿಂತು ಒಮ್ಮೆ ಗಮನವಿಟ್ಟು ಕೇಳಿ. ಮೋಟಾರಿನ ಗುಂಯ್ ಅನ್ನುವ ಸದ್ದು ಬೇರೆ, ಕಲ್ಲಿನ ಗರಗರ ಬೇರೆ. ಇವೆರಡರ ಮೇಲೆ ಕಿವಿಗೆ ಚುಚ್ಚುವ ಡಣಡಣ ಒಂದಿರುತ್ತದೆ. ಅದು ಬರುವುದು ಕಾಳು ಸುರಿಯುವ ತಗಡಿನ ಹಾಪರ್‌ನಿಂದ, ಬೆಲ್ಟಿನ ಮೇಲೆ ಮುಚ್ಚಿದ ತಗಡಿನಿಂದ, ಹಿಟ್ಟು ಬೀಳುವ ಬಾಯಿಯಿಂದ. ಈ ತಗಡುಗಳು ತಾವಾಗಿ ಸದ್ದು ಹುಟ್ಟಿಸುವುದಿಲ್ಲ. ಯಂತ್ರದ ನಡುಕವನ್ನು ಹಿಡಿದುಕೊಂಡು, ತಮಟೆಯ ಚರ್ಮದ ಹಾಗೆ ಗಾಳಿಗೆ ಬಡಿದು ಹರಡುತ್ತವೆ. ಟ್ರ್ಯಾಕ್ಟರಿನ ಮಡ್‌ಗಾರ್ಡ್, ಬಾನೆಟ್, ಮೇವು ಕತ್ತರಿಸುವ ಯಂತ್ರದ ಮುಚ್ಚಳ, ರಾಶಿ ಮಷಿನ್ನಿನ ಹೊರಮೈ, ಎಲ್ಲವೂ ಹೀಗೆಯೇ.

ಉಪಾಯ ಏನು ಅನ್ನುವುದನ್ನು ನಿಮ್ಮ ಅಡುಗೆ ಮನೆಯಲ್ಲೇ ನೋಡಬಹುದು. ಒಂದು ಸ್ಟೀಲ್ ತಟ್ಟೆಯನ್ನು ಅಂಚಿನಲ್ಲಿ ಹಿಡಿದು ಚಮಚದಿಂದ ಬಡಿಯಿರಿ. ಠಣ್ ಅಂದು ಬಹಳ ಹೊತ್ತು ಗುನುಗುತ್ತದೆ. ಈಗ ಅದೇ ಅಳತೆಯ ಎರಡು ತಟ್ಟೆ ತಗೊಳ್ಳಿ. ನಡುವೆ ಚಪಾತಿಗೆ ನಾದಿದ ಹಿಟ್ಟನ್ನು ತೆಳ್ಳಗೆ ಹರಡಿ, ಒಂದರ ಮೇಲೊಂದು ಒತ್ತಿ ಕೂರಿಸಿ, ಬಡಿಯಿರಿ. ಠಪ್ ಅಂದು ಅಲ್ಲಿಗೇ ನಿಲ್ಲುತ್ತದೆ.

ಕಾರ್ಖಾನೆಯವರು ಮಾಡುವುದೂ ಇದನ್ನೇ. ಎರಡು ಉಕ್ಕಿನ ತಗಡು, ನಡುವೆ ಹಿಟ್ಟಿನ ಬದಲು ಪ್ಲಾಸ್ಟಿಕ್ ರಾಳದ ಪದರ. ಆ ಪದರ ಸಾಮಾನ್ಯವಾಗಿ 0.1 ಮಿಲಿಮೀಟರಿಗಿಂತ ತೆಳು, ಕೂದಲೆಳೆಯಷ್ಟು. ಹೊರಗಿನಿಂದ ನೋಡಿದರೆ ಒಂದೇ ತಗಡು. ಕತ್ತರಿಸಬಹುದು, ಬಗ್ಗಿಸಬಹುದು, ಅಚ್ಚಿನಲ್ಲಿ ಒತ್ತಬಹುದು, ಬಣ್ಣ ಬಳಿಯಬಹುದು.

ಇಷ್ಟು ತೆಳ್ಳಗಿನ ಪದರ ಅಷ್ಟು ಸದ್ದನ್ನು ಹೇಗೆ ನುಂಗುತ್ತದೆ? ಒಂದು ನೋಟ್‌ಬುಕ್ ಹಿಡಿದು ಬಗ್ಗಿಸಿ ನೋಡಿ. ಹಾಳೆಗಳು ಒಂದರ ಮೇಲೊಂದು ಜಾರುತ್ತವೆ. ತಗಡು ನಡುಗುವುದೆಂದರೆ ಸೆಕೆಂಡಿಗೆ ನೂರಾರು ಸಲ ಹೀಗೆ ಆಚೆ ಈಚೆ ಬಗ್ಗುವುದು. ಪ್ರತಿ ಸಲ ಬಗ್ಗಿದಾಗಲೂ ಮೇಲಿನ ತಗಡು, ಕೆಳಗಿನ ತಗಡು ಜಾರಲು ನೋಡುತ್ತವೆ. ನಡುವಿನ ರಾಳ ಎರಡನ್ನೂ ಹಿಡಿದುಕೊಂಡು ತಾನು ಎಳೆದಾಡಿಸಿಕೊಳ್ಳುತ್ತದೆ. ಅದರೊಳಗಿನ ಉದ್ದುದ್ದ ಅಣುಸರಪಳಿಗಳು ಒಂದಕ್ಕೊಂದು ತಿಕ್ಕುತ್ತವೆ. ನಡುಕದ ಶಕ್ತಿ ಕೈಗೆ ತಿಳಿಯದಷ್ಟು ಸಣ್ಣ ಬಿಸಿಯಾಗಿ ಕಳೆದುಹೋಗುತ್ತದೆ. ಸದ್ದಾಗಬೇಕಿದ್ದದ್ದು ಬಿಸಿಯಾಯಿತು, ಅಷ್ಟೇ.

ಬರೀ ಉಕ್ಕಿನ ತಗಡಿಗೆ ತನ್ನ ನಡುಕವನ್ನು ತಾನೇ ನುಂಗುವ ಗುಣ ಇಲ್ಲವೆನ್ನುವಷ್ಟು ಕಡಿಮೆ. ಘಂಟೆಯನ್ನು ಲೋಹದಲ್ಲಿ ಮಾಡುವುದು ಅದಕ್ಕೇ. ಸರಿಯಾದ ರಾಳ, ಸರಿಯಾದ ಬಿಸಿ ಸಿಕ್ಕರೆ ಪದರದ ತಗಡು ಅದರ ನೂರು ಪಟ್ಟು ನಡುಕವನ್ನು ನುಂಗಬಲ್ಲದು.

ಇದು ಹೊಸ ವಿದ್ಯೆಯೇನಲ್ಲ. ತಗಡಿಗೆ ಮೆತ್ತಿದ ಪದರ ನಡುಕವನ್ನು ಹೇಗೆ ತಗ್ಗಿಸುತ್ತದೆ ಎಂದು 1950ರ ದಶಕದಲ್ಲಿ ಜರ್ಮನಿಯ ಹರ್ಮನ್ ಓಬರ್ಸ್ಟ್ ಲೆಕ್ಕ ಹಾಕಿ ತೋರಿಸಿದರು. ಮೇಲೊಂದು ತಗಡು ಹೊದಿಸಿ ಪದರವನ್ನು ನಡುವೆ ಕೂರಿಸಿದರೆ ತೆಳ್ಳಗಿನದೇ ಸಾಕಾಗುತ್ತದೆ ಎಂಬುದರ ಲೆಕ್ಕವನ್ನು 1959ರಲ್ಲಿ ಅಮೆರಿಕದ ಎಡ್ವರ್ಡ್ ಕರ್ವಿನ್ ಪ್ರಕಟಿಸಿದರು. ಆಮೇಲೆ ಜಪಾನ್, ಅಮೆರಿಕದ ಉಕ್ಕಿನ ಕಂಪನಿಗಳು ಇಂಥ ತಗಡನ್ನು ಸುರುಳಿಗಟ್ಟಲೆ ತಯಾರಿಸಿದವು. ಇವತ್ತು ಕಾರಿನ ಎಂಜಿನ್ನಿಗೂ ಸೀಟಿಗೂ ನಡುವಿನ ಗೋಡೆಯಲ್ಲಿ, ಎಂಜಿನ್ ಆಯಿಲ್ ನಿಲ್ಲುವ ತಟ್ಟೆಯಲ್ಲಿ, ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಮುಚ್ಚಳದಲ್ಲಿ ಇದರ ಬಳಕೆ ಇದೆ. ಪಟ್ಟಣದ ಮನೆಗಳ ಸ್ಟೀಲ್ ಸಿಂಕನ್ನು ಕೆಳಗಿನಿಂದ ಬಗ್ಗಿ ನೋಡಿ. ಪಾತ್ರೆ ಬಿದ್ದಾಗ ಸದ್ದಾಗದಿರಲಿ ಎಂದು ಕಪ್ಪನೆಯ ಪಟ್ಟಿ ಅಂಟಿಸಿರುತ್ತಾರೆ. ಪಾತ್ರೆ ತೊಳೆಯುವ ಸಿಂಕಿಗೆ ಸಿಕ್ಕ ಮರ್ಯಾದೆ ದಿನಕ್ಕೆ ಎಂಟು ತಾಸು ಗಿರಣಿಯಲ್ಲಿ ನಿಲ್ಲುವವನ ಕಿವಿಗೆ ಸಿಕ್ಕಿಲ್ಲ.

ಸುಮ್ಮನೆ ಬರೆಯುವುದಕ್ಕಿಂತ ಮಾಡಿ ನೋಡೋಣ ಎಂದು ನಾನೂ ಮಾವನೂ ಒಂದು ದಿನ ಕೈ ಹಾಕಿದೆವು. ಪದರದ ಉಕ್ಕಿನ ತಗಡು ಚಿಲ್ಲರೆಯಾಗಿ ನಮಗೆ ಸಿಗಲಿಲ್ಲ. ಅದರ ತಮ್ಮನಂಥದ್ದು ಸಿಕ್ಕಿತು. ಕಾರಿನ ಅಲಂಕಾರದ ಸಾಮಾನು ಮಾರುವ ಅಂಗಡಿಗಳಲ್ಲಿ ಡ್ಯಾಂಪಿಂಗ್ ಶೀಟ್ ಅಂತ ಇರುತ್ತದೆ. ಒಂದು ಕಡೆ ಅಂಟುವ ಬ್ಯುಟೈಲ್ ರಬ್ಬರ್, ಮೇಲೆ ಅಲ್ಯೂಮಿನಿಯಂ ಹಾಳೆ. ತತ್ವ ಅದೇ: ಕೆಳಗೆ ನಮ್ಮ ತಗಡು, ಮೇಲೆ ಲೋಹದ ಹಾಳೆ, ನಡುವೆ ರಬ್ಬರು. ಗಿರಣಿಯ ಮೇನ್ ಆಫ್ ಮಾಡಿ, ಹಿಟ್ಟಿನ ಧೂಳು ಒರೆಸಿ, ಹಾಪರ್‌ನ ಹೊರಮೈಗೆ, ಬೆಲ್ಟ್ ಮುಚ್ಚಿದ ತಗಡಿಗೆ ಒತ್ತಿ ಅಂಟಿಸಿದೆವು. ಕಾಳು ತಾಗುವ ಒಳಮೈಗೆ ಹಚ್ಚಲಿಲ್ಲ. ನೀವೂ ಹಚ್ಚಬೇಡಿ. ಬಿಸಿಯಾಗುವ ಸೈಲೆನ್ಸರ್ ಹತ್ತಿರವೂ ಬೇಡ.

ಫಲ? ಫೋನಿನ ಆ್ಯಪ್‌ನಲ್ಲಿ ಅಳೆದ ಡೆಸಿಬೆಲ್ ನಂಬುವಂಥದ್ದಲ್ಲ, ಹಾಗಾಗಿ ಅಂಕಿ ಕೊಡುವುದಿಲ್ಲ. ಕೇಳಿದ್ದನ್ನು ಹೇಳುತ್ತೇನೆ. ಡಣಡಣ ಹೋಯಿತು. ಗುಂಯ್ ಉಳಿಯಿತು, ಗರಗರ ಉಳಿಯಿತು. ಜೋಳ ಬೀಸಿಸಲು ಬಂದಿದ್ದ ಅಜ್ಜಿಯೊಬ್ಬರು "ಗಿರಣಿ ಕೆಟ್ಟೈತೇನಪಾ?" ಎಂದು ಕೇಳಿದರು.

ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕಾದ್ದು ಇನ್ನೂ ಇದೆ. ಇದು ಎಲ್ಲ ಸದ್ದಿಗೂ ಮದ್ದಲ್ಲ. ತಗಡು ಹಾಡುವ ಸದ್ದಿಗೆ ಮಾತ್ರ ಮದ್ದು. ಸೈಲೆನ್ಸರ್ ಒಡೆದಿದ್ದರೆ, ಬೇರಿಂಗ್ ಸವೆದಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಬೇಕು. ಪವರ್ ಟಿಲ್ಲರಿನ ಹಿಡಿಯಲ್ಲಿ ಕೈ ಜೋಮು ಹಿಡಿಯುವ ನಡುಕ ನೇರವಾಗಿ ಎಂಜಿನ್ನಿನಿಂದ ಬರುವಂಥದ್ದು. ಅದಕ್ಕೆ ಎಂಜಿನ್ ಕೂರಿಸುವ ರಬ್ಬರು, ಹಿಡಿಯ ವಿನ್ಯಾಸ ಬೇರೆಯೇ ಆಗಬೇಕು. ರಾಳಕ್ಕೂ ತನ್ನದೇ ಹದ ಇದೆ. ಚಳಿಯಲ್ಲಿ ಗಾಜಿನಂತೆ ಗಡಸಾಗಿ, ಅತಿ ಬಿಸಿಯಲ್ಲಿ ಪಾಕದಂತೆ ಮೆತ್ತಗಾಗಿ, ಎರಡೂ ಕಡೆ ಕೆಲಸ ನಿಲ್ಲಿಸುತ್ತದೆ. ಚಳಿ ದೇಶದ ಕಾರಿಗೆ ಆರಿಸಿದ ರಾಳವನ್ನು ರಾಯಚೂರಿನ ಬೇಸಿಗೆಯಲ್ಲಿ ಹೊಲದಲ್ಲಿ ನಿಂತ ಟ್ರ್ಯಾಕ್ಟರಿನ ಬಾನೆಟ್ಟಿಗೆ ಹಾಗೇ ಹಾಕಿದರೆ ಆಗುವುದಿಲ್ಲ. ವೆಲ್ಡಿಂಗ್‌ಗೂ ತೊಡಕಿದೆ. ರಾಳ ಕರೆಂಟ್ ಹರಿಯಬಿಡುವುದಿಲ್ಲ. ಅದಕ್ಕೇ ಸ್ಪಾಟ್ ವೆಲ್ಡಿಂಗ್ ಮಾಡುವ ತಗಡಿಗೆ ರಾಳದಲ್ಲಿ ಲೋಹದ ಪುಡಿ ಬೆರೆಸಿರುತ್ತಾರೆ. ಭಾರ ಹೊರುವ ಚಾಸಿಗೆ ಇದು ಸಲ್ಲದು, ಹೊದಿಕೆಯ ತಗಡಿಗೆ ಮಾತ್ರ.

ಇಷ್ಟೆಲ್ಲ ತೊಡಕನ್ನು ಕಾರಿನವರು ಬಿಡಿಸಿಕೊಂಡಿದ್ದಾರೆ. ಕೃಷಿ ಯಂತ್ರದವರಿಗೆ ಯಾಕೆ ಆಗುವುದಿಲ್ಲ?

"ರೈತರು ಕೇಳುವುದಿಲ್ಲ. ಅವರು ನೋಡುವುದು ಎಚ್‌ಪಿ, ಡೀಸೆಲ್, ರೇಟು" ಅನ್ನುತ್ತಾರೆ ಮಾರುವವರು. ಸುಳ್ಳಲ್ಲ. ನಮ್ಮಲ್ಲಿ ಸದ್ದೇ ಶಕ್ತಿ ಅನ್ನುವ ನಂಬಿಕೆಯೂ ಇದೆ. ಜೋರು ಸದ್ದು ಮಾಡಿದರೆ ಗಟ್ಟಿ ಗಾಡಿ ಅಂತ ಮೀಸೆ ತಿರುವುತ್ತೇವೆ. ಆದರೆ ತಗಡಿನ ಡಣಡಣದಲ್ಲಿ ಒಂದು ಹಿಡಿ ಮಣ್ಣೂ ಉಳುವುದಿಲ್ಲ, ಒಂದು ಸೇರು ಜೋಳವೂ ಬೀಸುವುದಿಲ್ಲ.

ರೈತರು ಕೇಳದಿರಲು ಇನ್ನೊಂದು ಕಾರಣವಿದೆ. ಯಂತ್ರ ಕೊಳ್ಳುವವರು ಒಬ್ಬರು, ಅದರ ಸದ್ದು ತಿನ್ನುವವರು ಇನ್ನೊಬ್ಬರು. ಟ್ರ್ಯಾಕ್ಟರ್ ಮಾಲೀಕ ಕಟ್ಟೆಯ ಮೇಲೆ ಕೂತಿರುತ್ತಾನೆ. ದಿನಗೂಲಿ ಡ್ರೈವರ್ ಸೀಟಿನ ಮೇಲಿರುತ್ತಾನೆ. ಬಾಡಿಗೆ ಯಂತ್ರ ಕೇಂದ್ರಗಳಲ್ಲಂತೂ ಸುಗ್ಗಿಯ ಹೊತ್ತಿನಲ್ಲಿ ಒಂದೇ ಯಂತ್ರ ಬೆಳಗಿನಿಂದ ರಾತ್ರಿವರೆಗೆ ಓಡುತ್ತದೆ. ಅದನ್ನು ಓಡಿಸುವ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ತೈದೋ ವಯಸ್ಸು. ಮೂವತ್ತು ವರ್ಷದ ಆಮೇಲೆ ಅವನ ಮೊಮ್ಮಗಳೂ ಎದ್ದು ಹೋಗುತ್ತಾಳೆ.

ಕಾನೂನು ಏನು ಹೇಳುತ್ತದೆ? ಕಾರ್ಖಾನೆ ಕಾಯ್ದೆಯಡಿ ರೂಪಿಸಿದ್ದ ನಿಯಮದ ಪ್ರಕಾರ ಕಾರ್ಮಿಕನ ಕಿವಿಗೆ 90 ಡೆಸಿಬೆಲ್ ಸದ್ದು ಬೀಳುವಲ್ಲಿ ದಿನಕ್ಕೆ 8 ತಾಸು ಮಿತಿ. 95 ಆದರೆ 4 ತಾಸು, 100 ಆದರೆ 2 ತಾಸು. ಐದು ಡೆಸಿಬೆಲ್ ಏರಿದರೆ ಕೆಲಸದ ಹೊತ್ತು ಅರ್ಧಕ್ಕಿಳಿಯುತ್ತದೆ. ಅಂದರೆ ಐದು ಡೆಸಿಬೆಲ್ ತಗ್ಗಿಸುವುದೂ ಸಣ್ಣ ಮಾತಲ್ಲ. ಆದರೆ ಈ ನಿಯಮ ಕಾರ್ಖಾನೆಯ ಗೇಟಿನ ಒಳಗೆ ಮಾತ್ರ. ಮಾಲೀಕನೂ ತಾನೇ, ಕೂಲಿಯೂ ತಾನೇ ಆಗಿರುವ ಗಿರಣಿಯವನಿಗೆ, ಹೊಲದಲ್ಲಿ ಓಡುವ ಡ್ರೈವರಿಗೆ ಅದು ತಟ್ಟುವುದಿಲ್ಲ.

ಹಾಗಂತ ಯಾರೂ ಅಳೆಯುತ್ತಲೇ ಇಲ್ಲ ಅಂದುಕೊಳ್ಳಬೇಡಿ. ಅಳೆಯುತ್ತಾರೆ. ಕೇಂದ್ರ ಸರಕಾರದ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆಗಳಿವೆ. ಮಧ್ಯಪ್ರದೇಶದ ಬುದ್ನಿಯಲ್ಲಿ ಒಂದಿದೆ. ನಮ್ಮ ಬಳ್ಳಾರಿಗೆ ಹೊಂದಿಕೊಂಡ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಇನ್ನೊಂದಿದೆ. ಟ್ರ್ಯಾಕ್ಟರ್ ಪರೀಕ್ಷೆ ಮಾಡುವಾಗ ಚಾಲಕನ ಕಿವಿಯ ಬಳಿ ಸದ್ದೆಷ್ಟು, ಸೀಟು, ಸ್ಟೇರಿಂಗ್, ಕಾಲಿಡುವ ಜಾಗ ಎಷ್ಟೆಷ್ಟು ನಡುಗುತ್ತವೆ ಎಂದು ಅಳೆದು ವರದಿಯಲ್ಲಿ ಬರೆಯುತ್ತಾರೆ. ಆ ವರದಿ ಇಂಗ್ಲಿಷಿನಲ್ಲಿ, ಹತ್ತಾರು ಪುಟಗಳ ಕಡತದಲ್ಲಿ ಇರುತ್ತದೆ. ಶೋರೂಮಿನಲ್ಲಿ ಹಾರ ಹಾಕಿಸಿಕೊಂಡು ಕೀಲಿ ಪಡೆಯುವ ಎಷ್ಟು ರೈತರಿಗೆ ಅದನ್ನು ತೋರಿಸಿದ್ದಾರೆ?

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ರೈತ ಸಂಪರ್ಕ ಕೇಂದ್ರದ ಗೋಡೆಗೆ ಅಂಟಿಸುವ ಸಬ್ಸಿಡಿ ಯಂತ್ರಗಳ ಪಟ್ಟಿಯಲ್ಲಿ ಎಚ್‌ಪಿ, ಬೆಲೆಯ ಪಕ್ಕ ಇನ್ನೊಂದು ಕಾಲಂ ಬರಲಿ: ಚಾಲಕನ ಕಿವಿಗೆ ಎಷ್ಟು ಡೆಸಿಬೆಲ್. ಕನ್ನಡದಲ್ಲಿ. ಪರೀಕ್ಷೆ ಆಗಿಯೇ ಇದೆ, ಅಂಕಿ ಇದ್ದೇ ಇದೆ. ಅದನ್ನು ಬರೆಯಲು ಹೊಸ ಯೋಜನೆ ಬೇಡ, ಹೊಸ ದುಡ್ಡು ಬೇಡ. ಸರಕಾರದ ನೆರವಿನಿಂದ ನಡೆಯುವ ಬಾಡಿಗೆ ಕೇಂದ್ರಗಳಿಗೆ ಯಂತ್ರ ಕೊಳ್ಳುವಾಗ, ಒಂದೇ ಬೆಲೆಯ ಎರಡು ಯಂತ್ರಗಳಲ್ಲಿ ಕಡಿಮೆ ಸದ್ದಿನದನ್ನು ಆರಿಸಲಿ. ಅಂಕಿ ಕಣ್ಣಿಗೆ ಬಿದ್ದ ದಿನ ರೈತ ಕೇಳುತ್ತಾನೆ. ರೈತ ಕೇಳಿದ ದಿನ ಕಂಪನಿಯವರಿಗೆ ಪದರದ ತಗಡು ನೆನಪಾಗುತ್ತದೆ. ಬೆಲೆ ಏರೀತು ಅನ್ನುವವರಿಗೆ ಹೇಳುವುದಿಷ್ಟೇ: ಇಡೀ ಯಂತ್ರಕ್ಕೆ ಬೇಡ, ಹಾಡುವ ನಾಲ್ಕು ತಗಡಿಗೆ ಸಾಕು.

ಗಿರಣಿ, ರಾಶಿ ಮಷಿನ್‌ಗಳ ಎಷ್ಟೋ ತಗಡಿನ ಕೆಲಸ ನಮ್ಮ ತಾಲ್ಲೂಕಿನ ವೆಲ್ಡಿಂಗ್ ಶಾಪ್‌ಗಳಲ್ಲೇ ಆಗುತ್ತದೆ. ಐಟಿಐಗಳಲ್ಲಿ ತಗಡಿನ ಕೆಲಸ ಕಲಿಸುವಾಗ ಈ ಎರಡು ತಟ್ಟೆ, ಚಪಾತಿ ಹಿಟ್ಟಿನ ಪಾಠವನ್ನೂ ಒಂದು ದಿನ ಹೇಳಿಕೊಡಲಿ. ಉಳಿದದ್ದನ್ನು ನಮ್ಮ ಹುಡುಗರು ತಾವೇ ಮಾಡಿಕೊಳ್ಳುತ್ತಾರೆ.

ಅಲ್ಲಿಯವರೆಗೆ ಗಿರಣಿಯಲ್ಲಿ, ಟ್ರ್ಯಾಕ್ಟರ್ ಮೇಲೆ ಇರುವವರು ಕಿವಿಗೆ ಫೋಮ್ ಇಯರ್‌ಪ್ಲಗ್ ಹಾಕಿಕೊಳ್ಳಿ. ಬರೀ ಹತ್ತಿ ತುರುಕಿದರೆ ಸಾಲದು. ಡಡಬಡ ಅನ್ನುವ ತಗಡಿನ ನಟ್ಟುಗಳನ್ನು ವಾರಕ್ಕೊಮ್ಮೆ ಬಿಗಿ ಮಾಡಿ.

ಮಾವನ ಕಿವಿ ಮರಳುವುದಿಲ್ಲ, ಅದು ಅವರಿಗೂ ಗೊತ್ತು. ತಗಡಿಗೆ ರಬ್ಬರ್ ಹಾಳೆ ಅಂಟಿಸುವಾಗ "ಇನ್ನೆಲ್ಲಿ ನನಗ ಕೇಳಸ್ತೈತೋ, ಬಿಡ" ಅಂದಿದ್ದರು. ಮುಗಿದ ಮೇಲೆ ಗಿರಣಿ ಶುರು ಮಾಡಿ, ಸ್ವಲ್ಪ ಹೊತ್ತು ಹಾಪರ್ ಮೇಲೆ ಅಂಗೈ ಇಟ್ಟು ನಿಂತರು. ಆಮೇಲೆ ಕಾಳಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಮಗನನ್ನು ಒಳಗೆ ಕರೆದರು. ನಾಳೆಯಿಂದ ಗಿರಣಿ ನಡೆಸಬೇಕಾದವನು ಅವನು.