ಚ್ಯವನಪ್ರಾಶವೂ ದೇಹದ ತೂಕವೂ

ಒಂದೇ ಮನೆಯ ಇಬ್ಬರು ಸಹೋದರರನ್ನು ನಾವು ಬಲ್ಲೆವು. ಹಿರಿಯವನು ಕಾಲೇಜಿನ ವಿದ್ಯಾರ್ಥಿ. ಮೈ ಸ್ಥೂಲವಾಗುತ್ತಿದೆಯೆಂಬ ಚಿಂತೆ ಅವನಿಗೆ. ಕಿರಿಯವನು ಪ್ರೌಢಶಾಲೆಯಲ್ಲಿ ಓದುವವನು. ಸಂಗಡಿಗರು ತನ್ನನ್ನು ‘ಕಡ್ಡಿ’ಯೆಂದು ಕರೆಯುವರೆಂಬ ಕೊರಗು ಅವನಿಗೆ. ಚಳಿಗಾಲ ಮೊದಲಾಯಿತೆಂದರೆ ಅವರ ಅಜ್ಜಿ ಚ್ಯವನಪ್ರಾಶದ ಡಬ್ಬಿಯನ್ನು ತೆರೆದು, ದಿನವೂ ಇಬ್ಬರಿಗೂ ಲೇಹ್ಯವನ್ನು ತಿನ್ನಿಸಿ, ಮೇಲೆ ಒಂದೊಂದು ಲೋಟ ಹಾಲನ್ನು ಕುಡಿಸುವರು. ಇದರಿಂದ ಮೈ ತುಂಬೀತೆಂದು ಕಿರಿಯವನ ಆಸೆ. ಮೈ ಕರಗೀತೆಂದು ಯಾರೋ ಹೇಳಿದ ಮಾತು ಹಿರಿಯವನ ಕಿವಿಗೆ ಬಿದ್ದಿದೆ. ಹೀಗೆ ಒಂದೇ ಡಬ್ಬಿಯಿಂದ ಪರಸ್ಪರ ವಿರುದ್ಧವಾದ ಎರಡು ಫಲಗಳು ನಿರೀಕ್ಷಿತವಾಗಿವೆ. ಈ ನಿರೀಕ್ಷೆಗೆ ಆಧಾರವೇನು ಎಂಬುದನ್ನು ವಿಚಾರಮಾಡುವುದು ಉಚಿತವೆಂದು ನಮಗೆ ತೋರುತ್ತದೆ.

ಚ್ಯವನಪ್ರಾಶವು ನಮ್ಮ ಪ್ರಾಚೀನ ರಸಾಯನಗಳಲ್ಲೊಂದು. ಮುದುಕನಾಗಿದ್ದ ಚ್ಯವನ ಋಷಿ ಇದನ್ನು ಸೇವಿಸಿ ಮತ್ತೆ ಯುವಕನಾದನೆಂಬುದು ಕಥೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯದಲ್ಲಿ ಇದನ್ನು ತಯಾರಿಸುವ ಕ್ರಮವಿದೆ. ದಶಮೂಲವೇ ಮೊದಲಾದ ಅನೇಕ ಮೂಲಿಕೆಗಳ ಕಷಾಯದಲ್ಲಿ ೫೦೦ ನೆಲ್ಲಿಕಾಯಿಗಳನ್ನು ಬೇಯಿಸಿ, ಬೀಜ ನಾರುಗಳನ್ನು ತೆಗೆದು, ತುಪ್ಪ ಮತ್ತು ಎಳ್ಳೆಣ್ಣೆಗಳಲ್ಲಿ ಹುರಿದು, ಸಕ್ಕರೆ ಸೇರಿಸಿ ಪಾಕಕ್ಕೆ ತಂದು, ಕೊನೆಗೆ ಜೇನುತುಪ್ಪ, ಹಿಪ್ಪಲಿ, ಏಲಕ್ಕಿ ಮುಂತಾದುವನ್ನು ಬೆರೆಸಬೇಕು. ಈ ಪಟ್ಟಿಯಲ್ಲಿ ವಾಚಕರು ಗಮನಿಸಬೇಕಾದ ಅಂಶವೊಂದುಂಟು. ಎಣ್ಣೆ ತುಪ್ಪಗಳ ಅಳತೆ ೧೨ ಪಲವಾದರೆ, ಸಕ್ಕರೆಯ ಅಳತೆ ಅರ್ಧ ತುಲಾ, ಅಂದರೆ ೫೦ ಪಲ. ಇಂದು ಅಂಗಡಿಯಲ್ಲಿ ದೊರೆಯುವ ಡಬ್ಬಿಗಳಲ್ಲಿಯೂ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಭಾಗ ಸಕ್ಕರೆಯೇ. ಹೆಸರು ಮೂಲಿಕೆಯದಾದರೂ ತೂಕದಲ್ಲಿ ಮೇಲುಗೈ ಸಕ್ಕರೆಯದು.

ಇನ್ನು ದೇಹದ ತೂಕದ ಮಾತು. ಪಡುವಾದ ವೈದ್ಯನಾದ ಸ್ಯಾಂಕ್ಟೋರಿಯಸ್ ಎಂಬಾತನು ತನ್ನ ಕುರ್ಚಿಯನ್ನೇ ತಕ್ಕಡಿಗೆ ತೂಗುಹಾಕಿಕೊಂಡು, ತಾನು ತಿಂದುದನ್ನೂ ಕುಡಿದುದನ್ನೂ ವಿಸರ್ಜಿಸಿದುದನ್ನೂ ಹಲವು ವರ್ಷ ತೂಗಿ ನೋಡಿದನು. ಅವನ ಗ್ರಂಥ ಅಚ್ಚಾದುದು ೧೬೧೪ರಲ್ಲಿ. ಕಣ್ಣಿಗೆ ಕಾಣದ ಬೆವರಿನ ರೂಪದಲ್ಲಿಯೂ ದೇಹ ತೂಕವನ್ನು ಕಳೆದುಕೊಳ್ಳುತ್ತಿರುವುದೆಂದು ಆತನು ತೋರಿಸಿದನು. ಮುಂದೆ ೧೭೮೦ರ ದಶಕದಲ್ಲಿ ಲವೋಸಿಯೇ ಪ್ರಾಣಿಗಳ ಉಸಿರಾಟವು ಒಂದು ಬಗೆಯ ನಿಧಾನವಾದ ದಹನವೆಂದು ತಿಳಿಸಿದನು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದ ಆಟ್‌ವಾಟರ್ ಆಹಾರದಿಂದ ದೇಹಕ್ಕೆ ದೊರೆಯುವ ಶಕ್ತಿಯನ್ನು ಅಳೆದು ಲೆಕ್ಕ ಕಟ್ಟಿದನು. ಒಂದು ಗ್ರಾಂ ಸಕ್ಕರೆ ಅಥವಾ ಪಿಷ್ಟದಿಂದ ೪ ಕೆಲೊರಿ, ಒಂದು ಗ್ರಾಂ ಸಸಾರಜನಕದಿಂದ ೪ ಕೆಲೊರಿ, ಒಂದು ಗ್ರಾಂ ಕೊಬ್ಬಿನಿಂದ ೯ ಕೆಲೊರಿ. ಬಂದ ಶಕ್ತಿ ವೆಚ್ಚವಾದುದಕ್ಕಿಂತ ಹೆಚ್ಚಾದರೆ ದೇಹದಲ್ಲಿ ಕೊಬ್ಬು ಕೂಡುತ್ತದೆ, ಕಡಮೆಯಾದರೆ ಕರಗುತ್ತದೆ. ಔಷಧವು ಹಸಿವನ್ನೋ ಜೀರ್ಣಶಕ್ತಿಯನ್ನೋ ವೆಚ್ಚವನ್ನೋ ಬದಲಿಸಬಹುದು. ಈ ಜಮಾಖರ್ಚಿನಿಂದ ಹೊರಗೆ ನಿಲ್ಲಲಾರದು.

ಈ ಲೆಕ್ಕವನ್ನು ನಮ್ಮ ಚಮಚಕ್ಕೆ ಅನ್ವಯಿಸಿ ನೋಡೋಣ. ದಿನಕ್ಕೆ ಎರಡು ಚಮಚ, ಅಂದರೆ ಸುಮಾರು ೨೦ ಗ್ರಾಂ ಲೇಹ್ಯವೆನ್ನೋಣ. ಅದರಲ್ಲಿ ೧೩ ಗ್ರಾಂ ಸಕ್ಕರೆಯೂ ೧ ಗ್ರಾಂ ಕೊಬ್ಬೂ ಇದ್ದರೆ ದೊರೆಯುವ ಶಕ್ತಿ ಸುಮಾರು ೬೦ ಕೆಲೊರಿ. ಒಂದು ಸಾಧಾರಣ ಇಡ್ಲಿಯಿಂದ ಬರುವುದೂ ಹೆಚ್ಚುಕಡಮೆ ಇಷ್ಟೇ. ಬೆಳೆಯುವ ಹುಡುಗನಿಗೆ ದಿನಕ್ಕೆ ೨,೦೦೦ಕ್ಕೂ ಹೆಚ್ಚು ಕೆಲೊರಿ ಬೇಕು. ಒಂದು ಕಿಲೋಗ್ರಾಂ ದೇಹದ ಕೊಬ್ಬಿಗೆ ಸುಮಾರು ೭,೭೦೦ ಕೆಲೊರಿ ಸಮನಾದುದರಿಂದ, ಊಟ ಓಡಾಟಗಳಾವುವೂ ಬದಲಾಗದೆ ಒಂದು ತಿಂಗಳು ಲೇಹ್ಯ ತಿಂದರೆ, ಕಾಗದದ ಮೇಲಿನ ಲೆಕ್ಕದಲ್ಲಿ ಕಾಲು ಕಿಲೋಗ್ರಾಮಿಗಿಂತಲೂ ಕಡಮೆ ತೂಕ ಕೂಡಬಹುದು. ಜೊತೆಯಲ್ಲಿ ಕುಡಿಯುವ ೨೦೦ ಮಿಲಿಲೀಟರ್ ಹಸುವಿನ ಹಾಲಿನಲ್ಲಾದರೋ ಸುಮಾರು ೧೩೦ ಕೆಲೊರಿಗಳೂ, ಮೈಕಟ್ಟಿಗೆ ಬೇಕಾದ ಒಳ್ಳೆಯ ಸಸಾರಜನಕವೂ ಇವೆ. ಎಮ್ಮೆಯ ಹಾಲಾದರೆ ಇನ್ನೂ ಹೆಚ್ಚು. ಮೈ ಬಂದುದರ ಕೀರ್ತಿ ಲೇಹ್ಯಕ್ಕೆ, ದುಡಿದುದು ಹಾಲು!

ಕಿರಿಯ ಸಹೋದರನ ತೂಕ ಮೂರು ತಿಂಗಳಲ್ಲಿ ಒಂದೂವರೆ ಕಿಲೋಗ್ರಾಂ ಏರಿತೆನ್ನೋಣ. ಅದನ್ನು ಲೇಹ್ಯದ ಗುಣವೆಂದು ಹೇಳಬಹುದೇ? ಹದಿನೈದರ ಹುಡುಗ ಏನನ್ನೂ ತಿನ್ನಿಸದಿದ್ದರೂ ಬೆಳೆಯುತ್ತಾನೆ. ಅವನ ಎಲುಬು ಸ್ನಾಯುಗಳು ಆ ವಯಸ್ಸಿನಲ್ಲಿಯೇ ಬಲಿಯುವುವು. ‘ಔಷಧ ತಿನ್ನುತ್ತಿದ್ದಾನೆ’ ಎಂದು ತಾಯಿ ಊಟಕ್ಕೂ ಒಂದು ತುತ್ತು ಹೆಚ್ಚು ಬಡಿಸುವಳು. ಇಷ್ಟಲ್ಲದೆ ಕುಡಿದ ನೀರು, ಉಂಡ ಅನ್ನ, ತೊಟ್ಟ ಬಟ್ಟೆಗಳಿಂದ ಒಂದೇ ದಿನದಲ್ಲಿ ಒಂದು ಕಿಲೋಗ್ರಾಮಿನಷ್ಟು ಏರಿಳಿತ ತೂಕದಲ್ಲಿ ಕಾಣುವುದು ಸಹಜ. ಒಂದರ ಹಿಂದೆ ಇನ್ನೊಂದು ಬಂದಿತೆಂದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗದು.

ಹಾಗಾದರೆ ನೆಲ್ಲಿಕಾಯಿ, ಹಿಪ್ಪಲಿ, ದಶಮೂಲಗಳಿಗೆ ಗುಣವೇ ಇಲ್ಲವೇ ಎಂದು ಕೇಳಬಹುದು. ನಾವು ಹಾಗೆ ಹೇಳುವುದಿಲ್ಲ. ಅವುಗಳಿಂದ ಹಸಿವು ಹೆಚ್ಚಬಹುದು, ಜೀರ್ಣವು ಸುಧಾರಿಸಬಹುದು ಎಂಬುದು ವಿಚಾರಾರ್ಹವಾದ ಊಹೆಯೇ. ಆದರೆ ಊಹೆಯು ಪರೀಕ್ಷೆಯ ಬಾಗಿಲನ್ನು ದಾಟಬೇಕು. ೧೭೪೭ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯನು ಸ್ಕರ್ವಿ ರೋಗದಿಂದ ನರಳುತ್ತಿದ್ದ ಹನ್ನೆರಡು ಮಂದಿ ನಾವಿಕರನ್ನು ಇಬ್ಬಿಬ್ಬರಂತೆ ಆರು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಉಪಚಾರ ನಡೆಸಿದನು. ಕಿತ್ತಳೆ ನಿಂಬೆಗಳನ್ನು ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಉಳಿದವರೊಡನೆ ಹೋಲಿಸಿ ನೋಡಿದುದರಿಂದಲೇ ಆ ಹಣ್ಣುಗಳ ಗುಣ ನಿಸ್ಸಂದೇಹವಾಗಿ ಕಂಡಿತು. ಲೇಹ್ಯಕ್ಕೂ ಇದೇ ನ್ಯಾಯ ಸಲ್ಲಬೇಕು. ಒಂದು ಗುಂಪಿಗೆ ನಿಜವಾದ ಲೇಹ್ಯ; ಇನ್ನೊಂದಕ್ಕೆ ಅಷ್ಟೇ ಸಕ್ಕರೆ, ಅಷ್ಟೇ ತುಪ್ಪ, ಅದೇ ಬಣ್ಣ ರುಚಿಗಳುಳ್ಳ, ಮೂಲಿಕೆಗಳಿಲ್ಲದ ಪಾಕ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಬೇಕು; ತಿನ್ನುವವನಿಗಾಗಲಿ ತೂಗುವವನಿಗಾಗಲಿ ಅದು ತಿಳಿದಿರಕೂಡದು. ಹಲವು ತಿಂಗಳ ಮೇಲೆ ಎರಡು ಗುಂಪುಗಳ ತೂಕದಲ್ಲಿ ವ್ಯತ್ಯಾಸ ಕಂಡರೆ ಅದು ಮೂಲಿಕೆಯ ಪ್ರಭಾವ. ಕಾಣದಿದ್ದರೆ ಸಕ್ಕರೆಯ ಪ್ರಭಾವ. ಇಂಥ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಗೆಲ್ಲದ ಹೊರತು, ತೂಕವನ್ನು ಏರಿಸುತ್ತೇವೆ ಇಳಿಸುತ್ತೇವೆ ಎಂಬ ಮಾತನ್ನು ಒಪ್ಪಬಾರದೆಂಬುದೇ ನಮ್ಮ ಅಭಿಪ್ರಾಯ.

ಹಳೆಯದೆಲ್ಲವೂ ಮೂಢನಂಬಿಕೆಯೆನ್ನುವವರು ಒಂದು ಕಡೆ, ಹಳೆಯದಾದುದರಿಂದಲೇ ಸತ್ಯವೆನ್ನುವವರು ಇನ್ನೊಂದು ಕಡೆ. ಇಬ್ಬರೂ ಪರೀಕ್ಷೆಯ ಶ್ರಮವನ್ನು ತಪ್ಪಿಸಿಕೊಳ್ಳುವವರೇ. ನಮ್ಮ ನಾಡಿನ ವೈದ್ಯರು ಬಹುಕಾಲದಿಂದ ಬಳಸುತ್ತಿದ್ದ ಸರ್ಪಗಂಧಿಯು ರಕ್ತದ ಒತ್ತಡವನ್ನು ತಗ್ಗಿಸುವುದೆಂದು ಮುಂಬಯಿಯ ವೈದ್ಯ ರುಸ್ತುಮ್ ಜಾಲ್ ವಕೀಲರು ೧೯೪೯ರಲ್ಲಿ ರೋಗಿಗಳ ಮೇಲಿನ ಪರೀಕ್ಷೆಗಳಿಂದ ಜಗತ್ತಿಗೆ ತಿಳಿಸಿದರು. ೧೯೫೨ರಲ್ಲಿ ಅದರಿಂದ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಲಾಯಿತು. ಪರೀಕ್ಷೆಯಿಂದ ಆ ಬೇರಿಗೆ ಗೌರವ ಹೆಚ್ಚಿತಲ್ಲದೆ ಕುಂದಲಿಲ್ಲ.

ಚರಕಸಂಹಿತೆಯಾದರೂ ಈ ವಿಷಯದಲ್ಲಿ ಇಂದಿನ ಜಾಹೀರಾತುಗಳಿಗಿಂತ ಹೆಚ್ಚು ವಿವೇಕವನ್ನು ತೋರಿಸುತ್ತದೆ. ಕ್ಷೀಣರಿಗೂ ವೃದ್ಧರಿಗೂ ಮಕ್ಕಳಿಗೂ ಚ್ಯವನಪ್ರಾಶವು ಅಂಗವೃದ್ಧಿಕರವೆಂದು ಅದು ಹೇಳುವುದು ನಿಜ. ಆದರೆ ಊಟಕ್ಕೆ ಅಡ್ಡಿಯಾಗದಷ್ಟು ಪ್ರಮಾಣದಲ್ಲಿ ಮಾತ್ರ ಸೇವಿಸಬೇಕೆಂದೂ ವಿಧಿಸುತ್ತದೆ. ಊಟವೇ ಮುಖ್ಯ, ಲೇಹ್ಯವಲ್ಲ. ಸೂತ್ರಸ್ಥಾನದಲ್ಲಿ ಅತಿಸ್ಥೂಲರನ್ನೂ ಅತಿಕೃಶರನ್ನೂ ಕುರಿತು ಹೇಳುವಾಗ, ಅತಿಯಾದ ಊಟ, ಸಿಹಿ ಜಿಡ್ಡುಗಳ ಸೇವನೆ, ವ್ಯಾಯಾಮವಿಲ್ಲದಿರುವಿಕೆ, ಹಗಲುನಿದ್ದೆ ಇವುಗಳನ್ನು ಅದು ಸ್ಥೂಲತೆಯ ಕಾರಣಗಳಲ್ಲಿ ಎಣಿಸುತ್ತದೆ. ಸಿಹಿ ಜಿಡ್ಡುಗಳಿಂದಲೇ ಪಾಕವಾದ ಲೇಹ್ಯದಿಂದ ಮೈ ಕರಗೀತೆಂದು ನಂಬುವ ಹಿರಿಯ ಸಹೋದರನು ಆಧುನಿಕ ವಿಜ್ಞಾನವನ್ನೂ ಓದಿಲ್ಲ, ಚರಕನನ್ನೂ ಓದಿಲ್ಲ.

ಒಂದು ಚಮಚ ಸಿಹಿಯನ್ನು ಕುರಿತು ಇಷ್ಟು ಚರ್ಚೆ ಏಕೆಂದು ಕೆಲವರಿಗೆ ತೋರಬಹುದು. ಕಾರಣವುಂಟು. ತೂಕವು ದೇಹದ ಸ್ಥಿತಿಯನ್ನು ತಿಳಿಸುವ ಸೂಚಿ. ಕಾರಣವಿಲ್ಲದೆ ಮೈ ಇಳಿಯುತ್ತಿದ್ದು, ಎರಡು ವಾರ ಮೀರಿದ ಕೆಮ್ಮೂ ಸಂಜೆಯ ಜ್ವರವೂ ಇದ್ದರೆ ಅದು ಕ್ಷಯವಾಗಿರಬಹುದು. ಬಾಯಾರಿಕೆಯೂ ಮೂತ್ರವೂ ಹೆಚ್ಚಿ ಮೈ ಇಳಿದರೆ ಅದು ಸಿಹಿಮೂತ್ರವಾಗಿರಬಹುದು. ಮೊದಲನೆಯದಕ್ಕೆ ಲೇಹ್ಯ ತಿನ್ನಿಸುತ್ತ ಕುಳಿತರೆ ರೋಗ ಬಲಿಯುವುದಲ್ಲದೆ ಮನೆಯವರಿಗೂ ಹರಡುವುದು. ಎರಡನೆಯದಕ್ಕೆ ತಿನ್ನಿಸಿದರೆ ಸಕ್ಕರೆಯ ಮೇಲೆ ಸಕ್ಕರೆ. ಸರಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಕಫಪರೀಕ್ಷೆಯೂ ಔಷಧವೂ ಉಚಿತವಾಗಿ ದೊರೆಯುವಾಗ, ತಿಂಗಳುಗಟ್ಟಲೆ ಡಬ್ಬಿಯನ್ನು ನಂಬಿ ಕಾಲಹರಣ ಮಾಡುವುದು ಪ್ರಾಣಕ್ಕೆ ಸಂಚಕಾರ. ೧೯೫೪ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಅಧಿನಿಯಮವು, ಗುಣಪಡಿಸುತ್ತೇವೆಂದು ಜಾಹೀರಾತು ಕೊಡಕೂಡದ ರೋಗಗಳ ಪಟ್ಟಿಯಲ್ಲಿ ಸ್ಥೂಲಕಾಯವನ್ನೂ ಸೇರಿಸಿರುವುದು ಸುಮ್ಮನೆಯಲ್ಲ.

ಅಜ್ಜಿಯ ಚಮಚವನ್ನು ಕಿತ್ತುಕೊಳ್ಳಬೇಕೆಂದು ನಮ್ಮ ಮಾತಿನ ತಾತ್ಪರ್ಯವಲ್ಲ. ಆರೋಗ್ಯವಂತನಾದ ಹುಡುಗನಿಗೆ ಅದರಿಂದ ಬಾಯಿಗೆ ರುಚಿಯುಂಟು, ಪ್ರೀತಿಯ ನೆನಪುಂಟು. ಆದರೆ ತೂಕದ ಆಸೆಯಿಂದ ಕೊಳ್ಳುವವರು ಬೆಲೆಯನ್ನು ನೋಡಬೇಕು. ೧೦೦ ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು ೫೫೦ ಕೆಲೊರಿಯೂ ೨೫ ಗ್ರಾಮಿನಷ್ಟು ಸಸಾರಜನಕವೂ ಇವೆ. ‘ಸಿ’ ಜೀವಸತ್ವ ಬೇಕಾದರೆ ಒಂದು ಹಸಿಯ ನೆಲ್ಲಿಕಾಯಿ ಸಾಕು. ಕಿರಿಯವನು ಹೊಟ್ಟೆ ತುಂಬ ಉಂಡು ಆಟದ ಬಯಲಿಗೆ ಹೋಗಲಿ. ಹಿರಿಯವನು ಸಿಹಿಯನ್ನು ಕಡಮೆ ಮಾಡಿ ಅವನೊಡನೆಯೇ ಹೋಗಲಿ. ತಿಂಗಳಿಗೊಮ್ಮೆ, ಒಂದೇ ತಕ್ಕಡಿಯಲ್ಲಿ, ಬೆಳಗಿನ ಹೊತ್ತು, ತಿಂಡಿಗೆ ಮೊದಲು ಇಬ್ಬರೂ ತೂಗಿಕೊಂಡು ಬರೆದಿಡಲಿ. ತಕ್ಕಡಿಗೆ ಹಳತು ಹೊಸತೆಂಬ ಪಕ್ಷಪಾತವಿಲ್ಲ; ಅದರ ಮಾತನ್ನು ಸರಿಯಾಗಿ ಓದುವುದನ್ನು ಕಲಿಯಬೇಕಾದವರು ನಾವು.