ಲಾರಿಯ ಹೊಗೆಗೆ ಔಷಧಿ ಯಾರ ಬಳಿ ಇದೆ?

ಆರೋಗ್ಯದ ಅಂಕಣದಲ್ಲಿ ಲಾರಿ, ಡೀಸೆಲ್‌ಗಳ ಮಾತೇಕೆ ಎಂದು ಕೆಲವು ಓದುಗರು ಹುಬ್ಬೇರಿಸಬಹುದು. ಆದರೆ ಬಿಡದೆ ಕಾಡುವ ಮಕ್ಕಳ ಕೆಮ್ಮು, ಹಿರಿಯರ ಉಬ್ಬಸ ಇವುಗಳಲ್ಲಿ ಒಂದು ಪಾಲಿನ ಮೂಲ ಮನೆಯ ಮುಂದಿನ ರಸ್ತೆಯಲ್ಲಿದೆ. ಅದಕ್ಕೆ ಯಾವ ವೈದ್ಯರೂ ಚೀಟಿ ಬರೆದುಕೊಡಲಾರರು. ಬರೆಯಬೇಕಾದವರು ಸರ್ಕಾರದ ಸಾರಿಗೆ ಮತ್ತು ಪೆಟ್ರೋಲಿಯಂ ಇಲಾಖೆಯವರು.

ಹಿಂದೆ ಒಮ್ಮೆ ಅವರು ಅಂಥ ಚೀಟಿ ಬರೆದದ್ದೂ ಉಂಟು. ಎಂಜಿನ್ ‘ಟಕಟಕ’ ಬಡಿಯದಿರಲೆಂದು ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುತ್ತಿದ್ದ ಕಾಲ ಹಲವರಿಗೆ ನೆನಪಿರಬಹುದು. ಆ ಸೀಸ ಹೊಗೆಯೊಡನೆ ಹೊರಬಂದು, ಮಣ್ಣಿಗೆ ಬಿದ್ದು, ಮಕ್ಕಳ ಕೈಯಿಂದ ಬಾಯಿಗೆ ಸೇರುತ್ತಿತ್ತು. ಸೀಸವು ರಕ್ತಹೀನತೆಯನ್ನು ತರುತ್ತದೆ. ಅದಕ್ಕಿಂತ ಮಿಗಿಲಾಗಿ ಬೆಳೆಯುವ ಮಿದುಳನ್ನು ಕುಗ್ಗಿಸುತ್ತದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೇಶದ ದೊಡ್ಡ ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ, 12 ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿದ ಸೀಸ ಕಂಡುಬಂತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ವೆಂಕಟೇಶ್ ತುಪ್ಪಿಲ್ ಅವರ ಹೆಸರು ಈ ಕೆಲಸದೊಡನೆ ಬೆಸೆದುಕೊಂಡಿದೆ. 2000ದ ಫೆಬ್ರುವರಿ 1ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಮಾತ್ರ ಎಂದಾಯಿತು. ಬಣ್ಣ, ಹಳೆಯ ಬ್ಯಾಟರಿಗಳಲ್ಲಿ ಸೀಸ ಇಂದಿಗೂ ಉಳಿದಿದೆ ನಿಜ. ಆದರೆ ಉಸಿರಿನ ದಾರಿಯಿಂದ ಅದು ಬಹುಮಟ್ಟಿಗೆ ತೊಲಗಿತು. ಯಾವ ಮಗುವಿಗೂ ಮಾತ್ರೆ ನುಂಗಿಸಬೇಕಾಗಲಿಲ್ಲ.

ಡೀಸೆಲ್ ವಿಷಯದಲ್ಲೂ ಅರ್ಧ ದಾರಿ ಕ್ರಮಿಸಿದ್ದೇವೆ. ತೊಂಬತ್ತರ ದಶಕದ ಆರಂಭದಲ್ಲಿ ಒಂದು ಕಿಲೋ ಡೀಸೆಲ್‌ನಲ್ಲಿ 10 ಗ್ರಾಂವರೆಗೂ ಗಂಧಕ ಇರುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 6 ಬಂದಾಗ ಅದನ್ನು 10 ಮಿಲಿಗ್ರಾಂಗೆ ಇಳಿಸಲಾಯಿತು. ಅಂದರೆ ಸಾವಿರದಲ್ಲಿ ಒಂದು ಪಾಲು. ನಾಲ್ಕನೆಯ ಹಂತದಿಂದ ಐದನ್ನು ಬಿಟ್ಟು ಆರಕ್ಕೆ ಜಿಗಿದದ್ದು ಸಣ್ಣ ಸಾಹಸವಲ್ಲ. ಗಂಧಕ ಹೆಚ್ಚಿದ್ದರೆ ಹೊಗೆ ಶುದ್ಧಿ ಮಾಡುವ ಸಾಧನಗಳು ಬೇಗ ಕೆಡುತ್ತವೆ. ಆದ್ದರಿಂದ ಇಂಧನ ಮೊದಲು ಶುದ್ಧವಾಗಬೇಕು, ಆಮೇಲಷ್ಟೇ ಎಂಜಿನ್. ಹೊಸ ಲಾರಿಯ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದು ಸುಡುವ ಶೋಧಕ ಇರುತ್ತದೆ.

ತೊಡಕಿರುವುದು ಇಲ್ಲಿ. ಒಳ್ಳೆಯ ಡೀಸೆಲ್ ಬಂಕಿಗೆ ಬಂತು, ಆದರೆ ಅದನ್ನು ತುಂಬಿಸಿಕೊಳ್ಳುವ ಲಾರಿಗಳಲ್ಲಿ ಎಷ್ಟೋ ಇನ್ನೂ ಹಳೆಯವೇ. ಅವುಗಳಲ್ಲಿ ಶೋಧಕವೇ ಇಲ್ಲ. ಹಾಲಿನ ಡೇರಿಯನ್ನು ಸ್ವಚ್ಛಗೊಳಿಸಿ, ಮನೆಯ ಪಾತ್ರೆಯನ್ನು ತೊಳೆಯದೆ ಬಿಟ್ಟಂತಾಯಿತು ಇದು.

ಡೀಸೆಲ್ ಹೊಗೆಯ ಅತಿಸೂಕ್ಷ್ಮ ಕಣಗಳು ತಲೆಗೂದಲಿನ ದಪ್ಪದ ಮೂವತ್ತನೆಯ ಒಂದು ಭಾಗಕ್ಕಿಂತಲೂ ಸಣ್ಣವು. ಮೂಗಿನ ಕೂದಲು, ಗಂಟಲಿನ ಲೋಳೆ ಇವುಗಳನ್ನು ತಡೆಯಲಾರವು. ನೇರವಾಗಿ ಶ್ವಾಸಕೋಶದ ಗಾಳಿಚೀಲಗಳಿಗೆ ಇಳಿಯುತ್ತವೆ. ಅಲ್ಲಿ ಉರಿಯೂತ ಹುಟ್ಟಿ, ಅದರ ಪರಿಣಾಮ ರಕ್ತನಾಳಗಳ ಮೇಲೂ ಆಗುತ್ತದೆ. ಆದ್ದರಿಂದಲೇ ಹೃದಯಾಘಾತ, ಪಾರ್ಶ್ವವಾಯುಗಳ ಕಾರಣಗಳಲ್ಲಿ ವಾಯುಮಾಲಿನ್ಯವನ್ನೂ ಎಣಿಸುವುದು. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಡೀಸೆಲ್ ಹೊಗೆಯನ್ನು ತಂಬಾಕಿನ ಹೊಗೆ ಇರುವ ಪಟ್ಟಿಗೇ ಸೇರಿಸಿತು. ಬೀಡಿ ಸೇದುವವನಿಗೆ ಬಿಡು ಎನ್ನಬಹುದು. ಹೆದ್ದಾರಿ ಬದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟವನಿಗೆ, ವೃತ್ತದಲ್ಲಿ ನಿಂತ ಪೊಲೀಸರಿಗೆ, ರಾತ್ರಿಯಿಡೀ ಸ್ಟೀರಿಂಗ್ ಹಿಡಿಯುವ ಚಾಲಕನಿಗೆ ಏನೆಂದು ಹೇಳೋಣ?

‘ನಮ್ಮ ಗಾಡಿಗೆ ಹೊಗೆ ಸರ್ಟಿಫಿಕೇಟ್ ಇದೆಯಲ್ಲ’ ಎನ್ನುವವರಿಗೆ ಒಂದು ಮಾತು. ಆ ಪರೀಕ್ಷೆಯಲ್ಲಿ ನಿಂತ ಡೀಸೆಲ್ ಗಾಡಿಯ ಎಂಜಿನ್ನನ್ನು ರೇಸ್ ಮಾಡಿ, ಹೊಗೆ ಎಷ್ಟು ಕಪ್ಪಗಿದೆ ಎಂದಷ್ಟೇ ಅಳೆಯುತ್ತಾರೆ. ಕಣ್ಣಿಗೆ ಕಾಣದ ಕಣಗಳ ಲೆಕ್ಕ ಅದರಲ್ಲಿಲ್ಲ. ಭಾರ ಹೊತ್ತು ಏರು ಹತ್ತುವಾಗ ಉಗುಳುವ ಹೊಗೆಯ ಲೆಕ್ಕವಂತೂ ಇಲ್ಲವೇ ಇಲ್ಲ. ಜ್ವರ ಬಂದವನ ಹಣೆಯನ್ನು ದೂರದಿಂದ ನೋಡಿ ‘ಏನೂ ಇಲ್ಲ’ ಎಂದಂತೆ.

ಹಳೆಯ ವಾಹನಗಳನ್ನು ಗುಜರಿಗೆ ಹಾಕುವ ನೀತಿಯನ್ನು ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿತು. ಸರ್ಕಾರದ ಸ್ವಂತ ವಾಹನಗಳಿಗೆ 15 ವರ್ಷದ ಗಡುವನ್ನೂ 2023ರ ಏಪ್ರಿಲ್‌ನಿಂದ ಜಾರಿಗೆ ತಂದಿತು. ಒಳ್ಳೆಯದೇ. ಆದರೆ ಖಾಸಗಿ ಲಾರಿಯ ಮಾತು ಬೇರೆ. ನಮ್ಮಲ್ಲಿ ಒಂದೋ ಎರಡೋ ಲಾರಿ ಇಟ್ಟುಕೊಂಡು ತಾನೇ ಓಡಿಸಿ ಸಂಸಾರ ತೂಗಿಸುವ ಮಾಲೀಕರೇ ಬಹಳ. ಗುಜರಿ ಬೆಲೆಗೂ ಹೊಸ ಲಾರಿಯ ಬೆಲೆಗೂ ಇರುವ ಅಂತರ ಆತನ ಪಾಲಿಗೆ ಬೆಟ್ಟ.

ಅಮೆರಿಕದ ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳು ಇದೇ ಕೆಲಸವನ್ನು ಮಾಡಿ ತೋರಿಸಿವೆ. 2008ರ ಅಕ್ಟೋಬರ್‌ನಲ್ಲಿ 1989ಕ್ಕಿಂತ ಹಿಂದಿನ ಲಾರಿಗಳಿಗೆ ಗೇಟು ಮುಚ್ಚಿದವು. 2012ರ ಹೊತ್ತಿಗೆ ಹೊಸ ಮಾನದಂಡದ ಲಾರಿಗಳಿಗೆ ಮಾತ್ರ ಪ್ರವೇಶ ಎಂದವು. ಲಾರಿ ಹೊಗೆ ತೀವ್ರವಾಗಿ ಇಳಿಯಿತು. ಅದೇ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಸಾವಿರಾರು ಮಕ್ಕಳ ಶ್ವಾಸಕೋಶವನ್ನು ವರ್ಷಗಟ್ಟಲೆ ಅಳೆದ ವೈದ್ಯರು 2007ರಲ್ಲಿ, ಹೆದ್ದಾರಿಯಿಂದ 500 ಮೀಟರ್ ಒಳಗೆ ಬೆಳೆದ ಮಕ್ಕಳ ಶ್ವಾಸಕೋಶ ಕುಂಠಿತವಾಗಿದೆ ಎಂದಿದ್ದರು. 2015ರಲ್ಲಿ ಅವರೇ, ಗಾಳಿ ತಿಳಿಯಾದಂತೆ ನಂತರದ ಮಕ್ಕಳ ಶ್ವಾಸಕೋಶ ಚೆನ್ನಾಗಿ ಬೆಳೆಯಿತೆಂದು ವರದಿ ಮಾಡಿದರು. ಇದಕ್ಕೆ ಬಂದರಿನ ಲಾರಿಗಳೊಂದೇ ಕಾರಣವಲ್ಲ. ಆದರೂ ಹೊಗೆ ಇಳಿದರೆ ಎದೆ ಬೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಇನ್ನೊಂದು ಮಗ್ಗುಲೂ ಇದೆ. ಬಂದರುಗಳು ಸಹಾಯಧನ ಕೊಟ್ಟರೂ, ಹೊಸ ಲಾರಿಗಳ ಸಾಲ ಕೊನೆಗೆ ಎಷ್ಟೋ ಚಾಲಕರ ಕುತ್ತಿಗೆಗೇ ಬಿತ್ತು. ನಮ್ಮಲ್ಲಿ ಆ ತಪ್ಪು ಆಗಬಾರದು. ಹಳೆಯ ಲಾರಿಯನ್ನು ಒಪ್ಪಿಸುವ ಸಣ್ಣ ಮಾಲೀಕನಿಗೆ ಬಡ್ಡಿಯ ಭಾರವನ್ನು ಸರ್ಕಾರವೇ ಹೊರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆಸ್ಪತ್ರೆಯ ಖರ್ಚಿಗೆ ಹೋಲಿಸಿದರೆ ಅದು ದುಬಾರಿಯಲ್ಲ.

ಸರಕಿನ ಮಾತಿಗೆ ಬಂದರೆ, ಸ್ವಾತಂತ್ರ್ಯದ ಹೊಸತರಲ್ಲಿ ದೇಶದ ಸರಕಿನ ಶೇ 80ಕ್ಕೂ ಹೆಚ್ಚು ಪಾಲು ರೈಲಿನಲ್ಲಿ ಹೋಗುತ್ತಿತ್ತು. ಈಗ ಅದು ಶೇ 30ಕ್ಕೂ ಕಡಿಮೆ. 2030ಕ್ಕೆ ಶೇ 45 ಮಾಡುವ ಗುರಿಯಂತೂ ಕಾಗದದ ಮೇಲಿದೆ. ಕೊಂಕಣ ರೈಲ್ವೆ 1999ರಿಂದಲೇ ತುಂಬಿದ ಲಾರಿಗಳನ್ನು ರೈಲಿನ ಮೇಲೆ ಏರಿಸಿ ಸಾಗಿಸುತ್ತಿದೆ. ನಮ್ಮ ಸುರತ್ಕಲ್‌ನಿಂದಲೂ ಲಾರಿಗಳು ಹೀಗೆ ಹೋಗಿವೆ. ಚಾಲಕನಿಗೆ ನಿದ್ದೆ, ಘಟ್ಟದ ಊರುಗಳಿಗೆ ಗಾಳಿ. ಇಂಥದ್ದು ಇನ್ನಷ್ಟು ಕಡೆ ಏಕೆ ಆಗಲಿಲ್ಲವೋ! ಎಥನಾಲ್ ಬೆರೆಸುವ ಗದ್ದಲವೆಲ್ಲ ಪೆಟ್ರೋಲಿನದು. ಸರಕು ಓಡುವುದು ಡೀಸೆಲ್ ಮೇಲೆ. ಬೆಂಗಳೂರಿನಲ್ಲಿ ಸಾವಿರಕ್ಕೂ ಹೆಚ್ಚು ವಿದ್ಯುತ್ ಬಸ್ಸುಗಳು ಓಡುತ್ತಿರುವುದು ಸಂತೋಷವೇ. ಆದರೆ ರಾತ್ರಿ ಊರೊಳಗೆ ನುಗ್ಗುವ ಮರಳಿನ ಲಾರಿಗಳ ಕತೆ? ಗಾಳಿಯ ಮಟ್ಟ ಮೀರಿದ ಊರುಗಳ ಕೇಂದ್ರದ ಪಟ್ಟಿಯಲ್ಲಿ ಬೆಂಗಳೂರಿನ ಜೊತೆ ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳೂ ಸೇರಿವೆ ಎಂಬುದನ್ನು ಮರೆಯಬೇಡಿ.

ಇದೆಲ್ಲ ಆಗುವವರೆಗೆ ಮನೆಮಂದಿ ಮಾಡಬಹುದಾದದ್ದು ಸ್ವಲ್ಪವಾದರೂ ಇದೆ. ಮಗುವನ್ನು ಶಾಲೆಗೆ ನಡೆಸಿಕೊಂಡು ಹೋಗುವಾಗ ಮುಖ್ಯರಸ್ತೆ ಬಿಟ್ಟು ಒಳರಸ್ತೆ ಹಿಡಿಯಿರಿ. ನೂರಿನ್ನೂರು ಮೀಟರ್ ಸರಿದರೂ ಹೊಗೆ ಗಣನೀಯವಾಗಿ ಇಳಿಯುತ್ತದೆ. ಶಾಲೆಯ ಗೇಟಿನ ಮುಂದೆ ವ್ಯಾನ್, ಆಟೋಗಳ ಎಂಜಿನ್ ಆರಿಸಿ ನಿಲ್ಲಿಸುವಂತೆ ಪೋಷಕರ ಸಭೆಯಲ್ಲಿ ಒತ್ತಾಯಿಸಿ. ಮೂಗಿಗೆ ಕಟ್ಟುವ ಕರವಸ್ತ್ರ ಧೂಳನ್ನು ತಡೆದೀತು, ಈ ಕಣಗಳನ್ನಲ್ಲ. ಉಬ್ಬಸವಿರುವ ಮಕ್ಕಳಿಗೆ ವೈದ್ಯರು ದಿನವೂ ಬಳಸಲು ಹೇಳಿದ ಇನ್‌ಹೇಲರನ್ನು ಕೆಮ್ಮು ನಿಂತಿತೆಂದು ನಿಲ್ಲಿಸಬೇಡಿ. ಮನೆಯಲ್ಲಿ ಚಾಲಕರೋ ಕ್ಲೀನರೋ ಇದ್ದರೆ ಅವರಿಗೆ ವರ್ಷಕ್ಕೊಮ್ಮೆ ಊದಿ ನೋಡುವ ಶ್ವಾಸಕೋಶದ ಪರೀಕ್ಷೆ ಮಾಡಿಸಿ. ಎರಡು ವಾರ ಮೀರಿದ ಕೆಮ್ಮನ್ನು ‘ಹೊಗೆಯ ಕೆಮ್ಮು’ ಎಂದು ತಳ್ಳಿಹಾಕದೆ ಕಫದ ಪರೀಕ್ಷೆ ಮಾಡಿಸಿ. ಕ್ಷಯ ಅಲ್ಲವೆಂದು ಮೊದಲು ಖಾತ್ರಿಯಾಗಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.