ವರದಕ್ಷಿಣೆ ಕಾನೂನಿನ ದುರುಪಯೋಗ: ದೋಷವಿರುವುದೆಲ್ಲಿ?

ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ಕೊಡುವುದೂ ಪಡೆಯುವುದೂ ಅಪರಾಧವೆಂದು ಅದು ಸಾರಿದರೂ ಪದ್ಧತಿ ನಿಲ್ಲಲಿಲ್ಲ. ಸೊಸೆಯಂದಿರು ಬೆಂಕಿಗೆ ಬಲಿಯಾಗುತ್ತಿದ್ದ ಪ್ರಕರಣಗಳು ದೇಶವನ್ನು ಕಲಕಿದ ಮೇಲೆ, 1983ರಲ್ಲಿ ಭಾರತೀಯ ದಂಡಸಂಹಿತೆಗೆ 498ಎ ಕಲಮು ಸೇರಿತು. ಗಂಡನಾಗಲಿ ಅವನ ಬಂಧುಗಳಾಗಲಿ ಎಸಗುವ ಕ್ರೌರ್ಯಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ, ವಾರಂಟ್ ಇಲ್ಲದೆ ಬಂಧಿಸಲು ಅವಕಾಶ, ಜಾಮೀನು ಹಕ್ಕಲ್ಲ. 2024ರ ಜುಲೈ 1ರಿಂದ ಇದೇ ವಿಧಿ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಲ್ಲಿ ಮುಂದುವರಿದಿದೆ.

ದುರುಪಯೋಗದ ಆಕ್ಷೇಪ ಹೊಸದಲ್ಲ. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಲಮಿನ ಸಿಂಧುತ್ವವನ್ನು ಎತ್ತಿಹಿಡಿಯುತ್ತಲೇ, ದುರುಪಯೋಗವು ಹೊಸದೊಂದು 'ಕಾನೂನು ಭಯೋತ್ಪಾದನೆ'ಗೆ ದಾರಿಯಾದೀತೆಂದು ಎಚ್ಚರಿಸಿತು. 2014ರ ಅರ್ನೇಶ್ ಕುಮಾರ್ ತೀರ್ಪು ಅಂಕಿಗಳನ್ನೇ ಮುಂದಿಟ್ಟಿತು: 2012ರಲ್ಲಿ ಬಂಧಿತರಾದವರು 1,97,762 ಮಂದಿ, ಅವರಲ್ಲಿ 47,951 ಮಹಿಳೆಯರು. ಆರೋಪಪಟ್ಟಿ ಸಲ್ಲಿಕೆಯ ಪ್ರಮಾಣ ಶೇ. 93.6, ಶಿಕ್ಷೆಯ ಪ್ರಮಾಣ ಕೇವಲ ಶೇ. 15. ಬಂಧನ ಏಕೆ ಅಗತ್ಯವೆಂಬುದನ್ನು ಪೊಲೀಸರು ಲಿಖಿತವಾಗಿ ದಾಖಲಿಸಬೇಕೆಂದು ನ್ಯಾಯಾಲಯ ವಿಧಿಸಿತು.

ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಖುಲಾಸೆಯಾದ ಪ್ರಕರಣವೆಲ್ಲ ಸುಳ್ಳು ದೂರಲ್ಲ. ನಾಲ್ಕು ಗೋಡೆಗಳ ನಡುವಿನ ಹಿಂಸೆಗೆ ಸಾಕ್ಷಿ ಸಿಗುವುದು ಕಷ್ಟ. ಎಷ್ಟೋ ಪ್ರಕರಣಗಳು ವಿಚ್ಛೇದನದ ಒಪ್ಪಂದದೊಡನೆ ಮುಗಿಯುತ್ತವೆ. 2022ರಲ್ಲಿಯೂ ದೇಶದಲ್ಲಿ 6,450 ವರದಕ್ಷಿಣೆ ಸಾವಿನ ಪ್ರಕರಣಗಳು ದಾಖಲಾದವೆಂಬುದನ್ನು ಮರೆಯಲಾಗದು.

ಹಾಗೆಂದು ನಿರಪರಾಧಿಗಳ ಸಂಕಟವೂ ಕಲ್ಪಿತವಲ್ಲ. 2024ರ ಡಿಸೆಂಬರಿನಲ್ಲಿ ಬೆಂಗಳೂರಿನ ತಂತ್ರಜ್ಞರೊಬ್ಬರು ಪತ್ನಿಯ ಕಡೆಯ ಮೊಕದ್ದಮೆಗಳನ್ನು ದೂರಿ ಪ್ರಾಣ ಬಿಟ್ಟಾಗ ಈ ಚರ್ಚೆ ಮತ್ತೆ ಕಾವೇರಿತು. ಅದೇ ಡಿಸೆಂಬರ್ 10ರಂದು, ತೆಲಂಗಾಣದ ಬೇರೊಂದು ಪ್ರಕರಣದಲ್ಲಿ, ನಿರ್ದಿಷ್ಟ ವಿವರಗಳಿಲ್ಲದೆ ಇಡೀ ಕುಟುಂಬವನ್ನು ಆರೋಪಿಗಳನ್ನಾಗಿಸುವ ಪ್ರವೃತ್ತಿಯನ್ನು ಸರ್ವೋಚ್ಚ ನ್ಯಾಯಾಲಯ ಖಂಡಿಸಿತು. ಪರಿಹಾರದ ವಿಷಯದಲ್ಲಿ ಮಾತ್ರ ಅದರ ನಿಲುವು ತೂಗಾಡಿದೆ: ದೂರುಗಳನ್ನು ಮೊದಲು ಕುಟುಂಬ ಕಲ್ಯಾಣ ಸಮಿತಿಗಳು ಪರಿಶೀಲಿಸಲೆಂದು 2017ರಲ್ಲಿ ಹೇಳಿ, 2018ರಲ್ಲಿ ಅದನ್ನು ಹಿಂತೆಗೆದುಕೊಂಡು, 2025ರಲ್ಲಿ ಅಂಥದೇ ಅಲಹಾಬಾದ್ ಉಚ್ಚ ನ್ಯಾಯಾಲಯದ ವ್ಯವಸ್ಥೆಯನ್ನು ಅನುಮೋದಿಸಿತು.

ಹೊರನಾಡಿನಲ್ಲಿರುವ ನಮಗೆ ಇದು ದೂರದ ವಿಷಯವಲ್ಲ. ವಿದೇಶದಲ್ಲಿರುವ ಪತಿಯ ಮೇಲೆ ಪ್ರಕರಣ ದಾಖಲಾದರೆ ಲುಕ್‌ಔಟ್ ಸುತ್ತೋಲೆ ಹೊರಡಬಹುದು, ಪಾಸ್‌ಪೋರ್ಟ್ ಮುಟ್ಟುಗೋಲಾಗಬಹುದು. ಊರಿನಲ್ಲಿರುವ ವೃದ್ಧ ತಂದೆತಾಯಿ ಠಾಣೆಯ ಮೆಟ್ಟಿಲು ಹತ್ತಬೇಕಾಗಬಹುದು. ಇನ್ನೊಂದೆಡೆ, ಪರದೇಶದಲ್ಲಿ ಪರಿತ್ಯಕ್ತಳಾಗಿ ತವರಿಗೆ ಮರಳಿದವಳಿಗೆ ಈ ಕಾನೂನೇ ಆಸರೆ. ಆಶ್ರಯ ಪಡೆದ ಊರಿನಲ್ಲಿಯೇ ಆಕೆ ದೂರು ನೀಡಬಹುದೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ.

ದೋಷವಿರುವುದು ಕಾನೂನಿನ ಉದ್ದೇಶದಲ್ಲಲ್ಲ, ವಿಚಾರಣೆಗೆ ಮುನ್ನವೇ ಶಿಕ್ಷೆಯಾಗಿಬಿಡುವ ಬಂಧನದಲ್ಲಿ ಮತ್ತು ವರ್ಷಗಟ್ಟಲೆ ಎಳೆಯುವ ವಿಚಾರಣೆಯಲ್ಲಿ. ಈ ವಿಳಂಬ ಸುಳ್ಳು ದೂರಿಗೆ ಬಲ ಕೊಡುತ್ತದೆ, ನಿಜವಾದ ದೂರನ್ನು ದಣಿಸುತ್ತದೆ. ಉಡುಗೊರೆಗಳ ಪಟ್ಟಿಯನ್ನು ಬರೆದು ವಧೂವರರು ಸಹಿ ಹಾಕಬೇಕೆಂಬ ನಿಯಮ 1985ರಿಂದಲೇ ಇದೆ. ಮದುವೆಯ ಆಮಂತ್ರಣಕ್ಕೆ ತೋರುವ ಶ್ರದ್ಧೆಯ ಒಂದಂಶವನ್ನು ಆ ಪಟ್ಟಿಗೆ ತೋರಿದರೂ, ಮುಂದೆ ಎರಡೂ ಮನೆಗಳಿಗೆ ಅದೇ ರಕ್ಷೆಯಾದೀತು.